ಎಷ್ಟು ದೂರ ಕಾಣುತ್ತೆ ಅಂತ ಕೇಳಬೇಡಿ: ಬೇಟೆಗೆ ಮಧ್ಯಮ ಬೆಲೆಯ ಬೈನಾಕ್ಯುಲರ್

ಬೈನಾಕ್ಯುಲರ್ ರಿಪೇರಿ ಮಾಡುವವನ ಹತ್ತಿರ ಜನ ಬರುವುದು ಎರಡು ಕಾರಣಕ್ಕೆ. ಕೈಯಲ್ಲಿದ್ದದ್ದು ಬಂಡೆ ಮೇಲೆ ಬಿದ್ದಿರುತ್ತದೆ, ಇಲ್ಲವೇ ಹೊಸದು ಕೊಳ್ಳುವ ಮೊದಲು ಒಂದು ಮಾತು ಕೇಳಬೇಕಿರುತ್ತದೆ. ಕೇಳಲು ಬಂದವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಇದರಲ್ಲಿ ಎಷ್ಟು ದೂರ ಕಾಣುತ್ತೆ ಸಾರ್?" ದೂರದ ಮಾತಾದರೆ ಚಂದ್ರ ಬರಿಗಣ್ಣಿಗೇ ಕಾಣುತ್ತಾನೆ. ಬೇಟೆಗೆ ಹೋಗುವವರು ಕೇಳಬೇಕಾದದ್ದು ಎಷ್ಟು ಹೊತ್ತು ಕಾಣುತ್ತೆ ಅಂತ. ಸೂರ್ಯ ಮುಳುಗಿದ ಮೇಲೆ ಎಷ್ಟು ಹೊತ್ತು? ಮತ್ತೆ ತಲೆನೋವು ಬರದೆ ಎಷ್ಟು ಹೊತ್ತು?

ಜಿಂಕೆ, ಕಡವೆ, ಕಾಡುಹಂದಿಗಳು ಬಯಲಿಗೆ ಬರುವುದೇ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಲೈಸೆನ್ಸ್ ಇಟ್ಟುಕೊಂಡು ಕಾನೂನು ಬಿಟ್ಟ ಜಾಗದಲ್ಲಿ, ಬಿಟ್ಟ ಋತುವಿನಲ್ಲಿ ಬೇಟೆಯಾಡುವವನಿಗೆ ಆ ಮಬ್ಬಿನಲ್ಲೇ ಎಲ್ಲ ತೀರ್ಮಾನವೂ ಆಗಬೇಕು: ಗಂಡೋ ಹೆಣ್ಣೋ, ಮರಿ ಜೊತೆಗಿದೆಯೋ, ಕೊಂಬು ಬಲಿತಿದೆಯೋ, ಪೊದೆಯ ಹಿಂದೆ ಇನ್ನೊಂದು ಪ್ರಾಣಿ ಅಥವಾ ಮನುಷ್ಯ ಇದ್ದಾನೋ. ರೈಫಲ್ಲಿನ ಸ್ಕೋಪಿನಲ್ಲೇ ಇದನ್ನೆಲ್ಲ ನೋಡಿದರಾಯಿತು ಎನ್ನುವವರಿದ್ದಾರೆ. ಸ್ಕೋಪಿನಲ್ಲಿ ನೋಡುವುದೆಂದರೆ ಏನೆಂದು ಗೊತ್ತಿಲ್ಲದ ಒಂದರ ಕಡೆಗೆ ನಳಿಗೆ ತಿರುಗಿಸುವುದು. ಅದು ಆಗಬಾರದು. ಮೊದಲು ಬೈನಾಕ್ಯುಲರ್, ಗುರುತು ಖಚಿತವಾದ ಮೇಲೆ ಬಂದೂಕು. ಹಾಗಾಗಿ ಬೇಟೆಗಾರನ ಕಣ್ಣಿಗೆ ಸ್ಕೋಪಿಗಿಂತ ಬೈನಾಕ್ಯುಲರ್ ಎಷ್ಟೋ ಪಾಲು ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ.

ಮೈಮೇಲೆ ಬರೆದಿರುವ ಅಂಕಿ ಎಲ್ಲರಿಗೂ ಗೊತ್ತು. 8×42 ಎಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ. ನಾನೂರು ಮೀಟರ್ ಆಚೆಯ ಜಿಂಕೆ ಐವತ್ತು ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. 10×42 ಆದರೆ ನಲವತ್ತರಲ್ಲಿ. ಆ ಹತ್ತು ಮೀಟರ್ ಲಾಭಕ್ಕೆ ಕೊಡಬೇಕಾದ ಬೆಲೆ ಇದೆ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿನ ಕಡೆಯ ಲೆನ್ಸಿನಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿ.ಮೀ.; ಇದನ್ನು ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. 10×42ರಲ್ಲಿ ಅದು 4.2. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ.ಗೆ ಕುಗ್ಗಿರುವುದರಿಂದ ಎರಡಕ್ಕೂ ಭೇದವೇ ತಿಳಿಯುವುದಿಲ್ಲ. ಕತ್ತಲಾಗುತ್ತಾ ಪಾಪೆ ಅರಳುತ್ತದೆ, ಹರೆಯದವರಲ್ಲಿ 7 ಮಿ.ಮೀ.ವರೆಗೆ, ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಐದರ ಆಸುಪಾಸು. ಆಗ 4.2ರ ಬಿಲ್ಲೆ ಪಾಪೆಯನ್ನು ತುಂಬುವುದಿಲ್ಲ, ಚಿತ್ರ ಮಂಕಾಗುತ್ತದೆ. ಅರವತ್ತರ ಹಿರಿಯರು 8×56 ಹೊತ್ತುಕೊಂಡು ಬಂದಾಗ ನನಗೆ ಪಾಪ ಎನಿಸುತ್ತದೆ. ಅದರ 7 ಮಿ.ಮೀ. ಬಿಲ್ಲೆಯಲ್ಲಿ ಅವರ ಪಾಪೆಯೊಳಗೆ ಹೋಗದ ಬೆಳಕಿಗೂ ಅವರೇ ಭಾರ ಹೊರುತ್ತಿರುತ್ತಾರೆ.

ಪೆಟ್ಟಿಗೆಯ ಮೇಲೆ 'ಟ್ವಿಲೈಟ್ ಫ್ಯಾಕ್ಟರ್' ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಪಟ್ಟನ್ನೂ ಲೆನ್ಸಿನ ಅಗಲವನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸಿಗುವುದು. 8×42ಕ್ಕೆ ಅದು 18.3. ಇದೇ ಲೆಕ್ಕದಲ್ಲಿ 20×20 ಎಂಬ ಆಟಿಕೆಗೆ 20 ಬರುತ್ತದೆ! ಅದರ ಬಿಲ್ಲೆ 1 ಮಿ.ಮೀ., ಮುಸ್ಸಂಜೆಯಲ್ಲಿ ಅದರೊಳಗೆ ಏನೂ ಕಾಣದು. ಗಾಜು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಆ ಸೂತ್ರದಲ್ಲಿ ಜಾಗವೇ ಇಲ್ಲ. ಅದನ್ನು ನೋಡದೆ ಮುಂದೆ ಹೋಗಿ.

ಕಾಡಿನ ಅಂಚು, ಪೊದೆಗಾಡು, ನಡೆದಾಡುವ ಬೇಟೆ ನಿಮ್ಮದಾದರೆ ನನ್ನ ಸಲಹೆ 8×42. ಸಾವಿರ ಮೀಟರ್ ದೂರದಲ್ಲಿ ಅದು ಸುಮಾರು 130 ಮೀಟರ್ ಅಗಲದ ನೋಟ ಕೊಡುತ್ತದೆ. 10×42ರಲ್ಲಿ 110ರ ಆಸುಪಾಸು. ಏದುಸಿರು ಬಿಡುತ್ತಾ ಗುಡ್ಡ ಹತ್ತಿ ನಿಂತಾಗ ಕೈ ನಡುಗುವುದೂ ಹತ್ತು ಪಟ್ಟು ಹಿಗ್ಗಿಯೇ ಕಾಣುತ್ತದೆ ಎಂಬುದು ನೆನಪಿರಲಿ. ಬೋಳು ಬೆಟ್ಟ, ಬಯಲು, ಒಂದೇ ಕಡೆ ಕೂತು ಗಂಟೆಗಟ್ಟಲೆ ಎದುರಿನ ಇಳಿಜಾರನ್ನು ಜಾಲಾಡುವುದು, ಇದಾದರೆ 10×42 ಮತ್ತು ಒಂದು ಟ್ರೈಪಾಡ್. ಬಹಳಷ್ಟು ಮಾದರಿಗಳಲ್ಲಿ ನಡುವಿನ ಕೀಲಿನ ಮುಂತುದಿಯ ಸಣ್ಣ ಮುಚ್ಚಳ ತಿರುಗಿಸಿದರೆ ಟ್ರೈಪಾಡಿಗೆ ಕೂರಿಸುವ ತಿರುಪಿನ ತೂತು ಇರುತ್ತದೆ. ಹತ್ತು ಪಟ್ಟಿನ ಬೈನಾಕ್ಯುಲರ್ ಇದ್ದೂ ಅದನ್ನು ಒಮ್ಮೆಯೂ ತೆರೆಯದವರೇ ಹೆಚ್ಚು. 12 ಪಟ್ಟಿನದು ಕೈಯಲ್ಲಿ ನಿಲ್ಲುವುದಿಲ್ಲ. ಜೂಮ್ ಇರುವುದನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ.

ಇನ್ನು ಮಧ್ಯಮ ಬೆಲೆಯ ವಿಷಯ. ಜೈಸ್, ಲೈಕಾ, ಸ್ವಾರೋವ್‌ಸ್ಕಿ ಕಂಪನಿಗಳ ತುದಿಯ ಮಾದರಿಗಳ ಬೆಲೆಯಲ್ಲಿ ನಾಲ್ಕನೇ ಒಂದು, ಐದನೇ ಒಂದು ಪಾಲು ಕೊಡುವ ವರ್ಗವನ್ನು ನಾನು ಹಾಗೆ ಕರೆಯುತ್ತೇನೆ. ಈ ವರ್ಗದಲ್ಲಿ ಒಳ್ಳೆಯದೂ ಉಂಟು, ಮೇಲುನೋಟಕ್ಕೆ ಹಾಗೆಯೇ ಇದ್ದು ಒಳಗೆ ಕೈ ಬಿಗಿ ಹಿಡಿದದ್ದೂ ಉಂಟು. ಹೊರಗಿನ ರಬ್ಬರು, ಚೀಲ, ಪಟ್ಟಿ ಎರಡರಲ್ಲೂ ಒಂದೇ. ಉಳಿತಾಯ ಮಾಡುವುದು ಕಣ್ಣಿಗೆ ಬೀಳದ ಕಡೆ.

ಮೊದಲನೆಯದು ಕೋಟಿಂಗ್. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಂದು ಕೊಳವೆಯಲ್ಲಿ ಅಂಥ ಹನ್ನೆರಡು ಮೇಲ್ಮೈ ಇದ್ದರೆ ಕಣ್ಣಿಗೆ ತಲುಪುವುದು ಬರೀ 61%. ಒಂದೊಂದರ ನಷ್ಟವನ್ನು ಅರ್ಧ ಶೇಕಡಕ್ಕೆ ಇಳಿಸಿದರೆ 94% ತಲುಪುತ್ತದೆ. ಹಿಂದೆ ಎಸೆಯಲ್ಪಟ್ಟ ಬೆಳಕು ಸುಮ್ಮನಿರುವುದೂ ಇಲ್ಲ, ಒಳಗೇ ಅಲೆದಾಡಿ ಚಿತ್ರದ ಮೇಲೆ ಬಿಳಿ ಪೊರೆ ಎಳೆಯುತ್ತದೆ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಈ ಪ್ರತಿಫಲನ ತಡೆಯುವ ಲೇಪ ಕಂಡುಹಿಡಿದದ್ದೇ ಇಂದಿನ ಬೈನಾಕ್ಯುಲರುಗಳಿಗೆಲ್ಲ ತಳಪಾಯ. ಪೆಟ್ಟಿಗೆಯ ಮೇಲೆ 'ಫುಲ್ಲಿ ಮಲ್ಟಿಕೋಟೆಡ್' ಎಂದಿರಬೇಕು. ಬರೀ 'ಕೋಟೆಡ್', 'ಮಲ್ಟಿಕೋಟೆಡ್' ಎಂದಿದ್ದರೆ ಕೆಲವು ಮೇಲ್ಮೈಗಳನ್ನು ಬಿಟ್ಟಿದ್ದಾರೆ ಎಂದುಕೊಳ್ಳಿ. ಪದ ನಂಬದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಮುಂದಿನ ಲೆನ್ಸಿನೊಳಗೆ ಓರೆಯಾಗಿ ನೋಡಿ. ದೀಪದ ಪ್ರತಿಬಿಂಬಗಳು ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ಎಲ್ಲವೂ ಮಂಕಾದ ಹಸಿರೋ ನೇರಳೆಯೋ ಆಗಿದ್ದರೆ ಸರಿ. ನಡುವೆ ಒಂದು ಬೆಳ್ಳಗೆ ಹೊಳೆದರೆ ಆ ಮೇಲ್ಮೈ ಬೋಳು. ಕೆಂಪಗೆ ಕನ್ನಡಿಯಂತೆ ಹೊಳೆಯುವ 'ರೂಬಿ' ಲೆನ್ಸಿನ ಹತ್ತಿರವೇ ಸುಳಿಯಬೇಡಿ. ಕೆಂಪು ಬೆಳಕನ್ನೆಲ್ಲ ಹೊರಗೆ ತಳ್ಳಿದ್ದಕ್ಕೇ ಅದು ಕೆಂಪಗಿರುವುದು.

ಎರಡನೆಯದು ಪ್ರಿಸಂ, ತಲೆಕೆಳಗಾದ ಚಿತ್ರವನ್ನು ಒಳಗೇ ನೆಟ್ಟಗೆ ಮಾಡುವ ಗಾಜಿನ ತುಂಡು. ಕೊಳವೆ ನೇರವಾಗಿರುವ ಇಂದಿನ ಮಾದರಿಗಳಲ್ಲಿ ರೂಫ್ ಪ್ರಿಸಂ ಇರುತ್ತದೆ. ಇವುಗಳಲ್ಲಿ ಹೆಚ್ಚಿನವು ಶ್ಮಿಟ್-ಪೆಖಾನ್ ಬಗೆಯವು. ಇದರ ಒಂದು ಮೈಯಲ್ಲಿ ಬೆಳಕು ತಾನಾಗಿ ಪೂರ್ತಿ ಪ್ರತಿಫಲಿಸುವುದಿಲ್ಲ, ಅಲ್ಲಿ ಕನ್ನಡಿ ಲೇಪ ಬೇಕು. ಅಲ್ಯೂಮಿನಿಯಂ ಬಳಿದರೆ ಸುಮಾರು 90% ಬೆಳಕು ಉಳಿಯುತ್ತದೆ, ಬೆಳ್ಳಿಯಾದರೆ 95ಕ್ಕೂ ಮೇಲೆ, ಡೈಎಲೆಕ್ಟ್ರಿಕ್ (ಲೋಹವಲ್ಲದ) ಪದರಗಳಾದರೆ 99ಕ್ಕೂ ಮೇಲೆ. ಜೊತೆಗೆ ಪ್ರಿಸಮ್ಮಿನ ಚಾವಣಿಯಂಥ ಅಂಚು ಬೆಳಕನ್ನು ಎರಡು ಪಾಲಾಗಿ ಸೀಳಿ ಮತ್ತೆ ಕೂಡಿಸುವಾಗ ಅಲೆಗಳ ಹೆಜ್ಜೆ ತಪ್ಪುತ್ತದೆ; ಒಣಹುಲ್ಲಿನ ನಡುವೆ ನಿಂತ ಕಂದು ಮೈಯ ಗೆರೆ ಕಲಸಿಹೋಗುವುದು ಹೀಗೆ. ಅದನ್ನು ಸರಿಪಡಿಸುವ ಫೇಸ್ ಕೋಟಿಂಗನ್ನು ಜೈಸ್ 1988ರಲ್ಲಿ ತಂದಿತು, ಈಗ ಮಧ್ಯಮ ಬೆಲೆಗೂ ಇಳಿದಿದೆ. ವಿವರಣೆಯ ಹಾಳೆಯಲ್ಲಿ 'ಫೇಸ್ ಕರೆಕ್ಟೆಡ್', 'ಡೈಎಲೆಕ್ಟ್ರಿಕ್' ಎರಡೂ ಇರಲಿ. ಹಾಕಿದ ಕಂಪನಿ ಬರೆಯದೆ ಬಿಡುವುದಿಲ್ಲ, ಬರೆದಿಲ್ಲವೆಂದರೆ ಹಾಕಿಲ್ಲ. 'ಇ.ಡಿ.' ಗ್ಲಾಸ್ ಎಂಬ ಅಕ್ಷರಕ್ಕೆ ಮಾತ್ರ ಇಷ್ಟು ತೂಕ ಕೊಡಬೇಡಿ. ಬಿಳಿ ಆಕಾಶಕ್ಕೆ ಎದುರಾದ ಕೊಂಬಿನ ಅಂಚಲ್ಲಿ ನೇರಳೆ ಗೆರೆ ಕಡಿಮೆಯಾಗುತ್ತದೆ, ನಿಜ. ಆದರೆ ಆ ಹೆಸರಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ, ಇ.ಡಿ. ಹಾಕಿ ಕೋಟಿಂಗ್‌ನಲ್ಲಿ ಜಿಪುಣತನ ಮಾಡಿದ್ದನ್ನು ಬಿಚ್ಚಿ ನೋಡಿದ್ದೇನೆ.

ಮೂರನೆಯ ಉಳಿತಾಯ ಇನ್ನೂ ನಾಜೂಕಿನದು. ಮುಂದೆ 42 ಮಿ.ಮೀ. ಲೆನ್ಸ್ ಇಟ್ಟು, ಒಳಗೆ ಪ್ರಿಸಮ್ಮನ್ನು ಚಿಕ್ಕದು ಮಾಡುತ್ತಾರೆ. ಅಂಚಿನ ಬೆಳಕು ಒಳಗೇ ಕತ್ತರಿಸಿಹೋಗುತ್ತದೆ. ಮನೆಯಲ್ಲೇ ಹಿಡಿಯಬಹುದು. ಕತ್ತಲೆ ಕೋಣೆ, ಫೋಕಸ್ ದೂರಕ್ಕೆ ತಿರುಗಿಸಿಟ್ಟ ಬೈನಾಕ್ಯುಲರ್, ಕಣ್ಣಿಡುವ ತುದಿಯಿಂದ ಒಂದೆರಡು ಅಡಿ ಹಿಂದೆ ಮೊಬೈಲ್ ಟಾರ್ಚ್, ಮುಂದಿನ ಲೆನ್ಸಿಗೆ ತೀರ ಹತ್ತಿರ ಒಂದು ಬಿಳಿ ಹಾಳೆ. ಹಾಳೆಯ ಮೇಲೆ ಬೀಳುವ ದುಂಡನೆ ಬೆಳಕನ್ನು ಸ್ಕೇಲಿನಲ್ಲಿ ಅಳೆಯಿರಿ. 42ರ ಹತ್ತಿರ ಇದ್ದರೆ ಕಂಪನಿ ಪ್ರಾಮಾಣಿಕ. 38 ಬಂದರೆ ಸುಮಾರು 18% ಬೆಳಕು ಹೋಯಿತು. ದುಂಡು ಅಲ್ಲದೆ ಒಂದು ಬದಿ ಚಪ್ಪಟೆಯಾಗಿದ್ದರೆ ಪ್ರಿಸಮ್ಮೋ ಅದರ ಚೌಕಟ್ಟೋ ಅಡ್ಡ ಬಂದಿದೆ.

ಇಷ್ಟೆಲ್ಲ ಸರಿಯಿದ್ದೂ ನನ್ನ ಮೇಜಿಗೆ ಬರುವ ದೂರು ಒಂದೇ: "ನೋಡ್ತಾ ನೋಡ್ತಾ ತಲೆ ಹಿಡ್ಕೊಳ್ಳುತ್ತೆ." ಕಾರಣ ಎರಡು ಕೊಳವೆಗಳ ದೃಷ್ಟಿ ಒಂದೇ ಕಡೆ ಇಲ್ಲದಿರುವುದು, ನಮ್ಮ ಕಸುಬಿನಲ್ಲಿ ಇದಕ್ಕೆ ಕಾಲಿಮೇಶನ್ ಹೋಗಿದೆ ಎನ್ನುತ್ತೇವೆ. ದುಬಾರಿಯದಕ್ಕೂ ಮಧ್ಯಮದ್ದಕ್ಕೂ ನಿಜವಾದ ಅಂತರ ಇರುವುದು ಇಲ್ಲೇ. ಒಂದೇ ಮಾದರಿಯ ಎರಡು ಪೀಸುಗಳಲ್ಲಿ ಒಂದು ಅಚ್ಚುಕಟ್ಟಾಗಿ, ಇನ್ನೊಂದು ಓರೆಯಾಗಿ ಇರುತ್ತದೆ, ಏಕೆಂದರೆ ತಯಾರಿಕೆಯ ಕೊನೆಯಲ್ಲಿ ಒಂದೊಂದನ್ನೂ ಕೂರಿಸಿ ಹೊಂದಿಸಲು ನುರಿತ ಕೈ ಮತ್ತು ಸಮಯ ಬೇಕು, ಎರಡಕ್ಕೂ ದುಡ್ಡು. ಹಾಗಾಗಿ ಮಾದರಿಯ ಹೆಸರು ನೋಡಿ ಕೊಳ್ಳಬೇಡಿ, ಕೈಗೆ ಬಂದ ಆ ಒಂದು ಪೀಸನ್ನು ನೋಡಿ ಕೊಳ್ಳಿ.

ಕಣ್ಣುಗಳು ಒಳಮುಖವಾಗಿ ಸ್ವಲ್ಪ ತಿರುಗಿ ಹೊಂದಿಕೊಳ್ಳಬಲ್ಲವು. ಒಂದು ಚಿತ್ರ ಮೇಲೆ, ಒಂದು ಕೆಳಗೆ ಇದ್ದರೆ ಮಾತ್ರ ಬಹಳ ಬೇಗ ಸೋಲುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಮೆದುಳು ಎರಡನ್ನೂ ಬಲವಂತವಾಗಿ ಕೂಡಿಸಿ ತೋರಿಸುವುದರಿಂದ ಏನೂ ತಿಳಿಯದು. ಹೀಗೆ ಮಾಡಿ: ದೂರದ ವಿದ್ಯುತ್ ತಂತಿಯನ್ನೋ ಚಾವಣಿಯ ಅಂಚನ್ನೋ ನೋಡುತ್ತಾ ಬೈನಾಕ್ಯುಲರನ್ನು ಅಲುಗಾಡಿಸದೆ ಕಣ್ಣಿನಿಂದ ಮೆಲ್ಲಗೆ ಒಂದು ಗೇಣು ದೂರ ಸರಿಸಿ. ಎರಡು ದುಂಡುಗಳೂ ಬೇರೆಬೇರೆಯಾಗುತ್ತವೆ. ಎಡದ ದುಂಡಿನ ತಂತಿ ಬಲದ ದುಂಡಿನಲ್ಲೂ ಅದೇ ಮಟ್ಟದಲ್ಲಿ ಮುಂದುವರಿಯಬೇಕು. ಮೆಟ್ಟಿಲಿನಂತೆ ಮೇಲೆ ಕೆಳಗೆ ಆಗಿದ್ದರೆ ಆ ಪೀಸು ಬೇಡ. ಇನ್ನೊಂದು ಪರೀಕ್ಷೆ, ಕಣ್ಣಿಗೆ ಹಿಡಿದುಕೊಂಡೇ ರೆಪ್ಪೆ ಮುಚ್ಚಿ, ಹತ್ತು ಎಣಿಸಿ ತೆರೆಯಿರಿ. ತೆರೆದ ಕ್ಷಣ ಎರಡು ಚಿತ್ರ ಕಂಡು ಆಮೇಲೆ ಒಂದಾದರೆ ನಿಮ್ಮ ಕಣ್ಣು ದುಡಿಯುತ್ತಿದೆ ಎಂದರ್ಥ. ಸ್ಕ್ರೂಡ್ರೈವರ್ ಹಿಡಿದು ನೀವೇ ಸರಿಮಾಡಲು ಹೋಗಬೇಡಿ. ಒಂದು ಅಗಲಕ್ಕೆ ಮಡಿಸಿದಾಗ ಸರಿಹೋದದ್ದು ಇನ್ನೊಬ್ಬರ ಕಣ್ಣಿನ ಅಗಲಕ್ಕೆ ಬಿಚ್ಚಿದೊಡನೆ ಮತ್ತೆ ಓರೆಯಾಗುತ್ತದೆ. ಕೀಲಿನ ಅಕ್ಷಕ್ಕೇ ಎರಡನ್ನೂ ಹೊಂದಿಸಲು ಬೇರೆ ಉಪಕರಣ ಬೇಕು.

ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ನೋಟ ಸಿಗಲು ಕಣ್ಣು ಲೆನ್ಸಿನಿಂದ ಇರಬೇಕಾದ ದೂರ) 15 ಮಿ.ಮೀ.ಗೆ ಕಮ್ಮಿ ಇರುವುದನ್ನು ಮುಟ್ಟಬಾರದು, 17 ಇದ್ದರೆ ಒಳ್ಳೆಯದು. ಕಣ್ಣಿಡುವ ತುದಿಯ ಬಟ್ಟಲನ್ನು, ಅಂದರೆ ಐಕಪ್ಪನ್ನು, ಒಳಗೆ ತಿರುಗಿಸಿ, ಕನ್ನಡಕದ ಮೇಲಿಟ್ಟು, ನೋಟದ ಅಂಚಿನ ಕಪ್ಪು ವೃತ್ತ ಪೂರ್ತಿ ಕಾಣುತ್ತದೆಯೇ ನೋಡಿ. ಐಕಪ್ ಒತ್ತಿದರೆ ತಾನಾಗಿ ಕುಸಿಯಬಾರದು. ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಡಯಾಪ್ಟರ್ ಬಳೆ ಸಾಮಾನ್ಯವಾಗಿ ಬಲಗಡೆ ಇರುತ್ತದೆ: ಬಲದ ಲೆನ್ಸ್ ಮುಚ್ಚಿ ನಡುಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ, ಆಮೇಲೆ ಎಡ ಮುಚ್ಚಿ ಬಳೆಯಿಂದ ಬಲಗಣ್ಣಿಗೆ. ಆಮೇಲೆ ಅದು ಚೀಲದಲ್ಲಿ ಉಜ್ಜಿ ತಿರುಗಿಹೋಗದಷ್ಟು ಬಿಗಿ ಇರಲಿ.

ನೀರಿನ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ. ಒಳಗೆ ಮಂಜು ಕಟ್ಟದಂತೆ ಸಾರಜನಕವೋ ಆರ್ಗಾನೋ ತುಂಬಿದ್ದರೆ ಸಾಕು, ಯಾವ ಅನಿಲ ಎಂಬ ಜಗಳ ಮಾರಾಟದವರದ್ದು. ಐ.ಪಿ.ಎಕ್ಸ್.7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು. ನಿಮ್ಮ ಉಸಿರಿಗೆ ಹೊರಗಿನ ಗಾಜು ಮಂಜಾಗುವುದನ್ನು ಯಾವ ಅನಿಲವೂ ತಪ್ಪಿಸುವುದಿಲ್ಲ. 42ರ ಮಾದರಿ ಸಾಮಾನ್ಯವಾಗಿ 650ರಿಂದ 800 ಗ್ರಾಂ ತೂಗುತ್ತದೆ. ಕುತ್ತಿಗೆಯ ಪಟ್ಟಿ ಬಿಸಾಕಿ ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಹಾಕಿಕೊಳ್ಳಿ.

ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ವಾಪಸು ಕೊಡುವ ಅವಧಿ ಕೇಳಿಕೊಂಡು ತನ್ನಿ, ಸಂಜೆ ಹೊರಗೆ ಕೂರಿ. ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಶುರು ಮಾಡಿ. ಸೂರ್ಯನ ಕಡೆ ಬೈನಾಕ್ಯುಲರ್ ತಿರುಗಿಸಿದರೆ ಕಣ್ಣೇ ಹೋಗುತ್ತದೆ. ಇನ್ನೂ ಬೆಳಗುವ ಪಡುವಣ ಆಕಾಶದ ಕೆಳಗಿನ ಕಪ್ಪು ಮರದ ಬುಡವನ್ನು ನೋಡಿ. ಅಲ್ಲಿ ತೊಗಟೆಯ ಗೆರೆ ಕಾಣಬೇಕು. ಬೂದು ಪೊರೆ ಕವಿದು ಎಲ್ಲ ಒಂದೇ ಬಣ್ಣವಾದರೆ ಒಳಗೆ ಬೆಳಕು ಅಲೆಯುತ್ತಿದೆ. ಇನ್ನೂ ಕತ್ತಲಾಗುತ್ತಿದ್ದಂತೆ ಕಣ್ಣಿನ ಸೂಕ್ಷ್ಮತೆ ಹಳದಿ-ಹಸಿರಿನಿಂದ ನೀಲಿ-ಹಸಿರಿನ ಕಡೆ, 555 ನ್ಯಾನೊಮೀಟರಿನಿಂದ 507ರ ಕಡೆಗೆ ಸರಿಯುತ್ತದೆ. ಹಗಲಲ್ಲಿ ಚಿತ್ರವನ್ನು ಬೆಚ್ಚಗೆ, ಹಳದಿಯಾಗಿ ತೋರಿಸಿ ಮೆಚ್ಚುಗೆ ಗಿಟ್ಟಿಸಿದ ಗಾಜು ಈ ಹೊತ್ತಿಗೆ ಹಿಂದೆ ಬೀಳುತ್ತದೆ. ಎರಡು ಮಾದರಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಒಂದೇ ಬುಡವನ್ನು ಸರದಿಯಲ್ಲಿ ನೋಡುತ್ತಿರಿ. ಯಾವುದರಲ್ಲಿ ಗೆರೆ ಮೊದಲು ಅಳಿಸುತ್ತದೋ ಅದನ್ನು ಬೆಳಿಗ್ಗೆ ಹಿಂದಿರುಗಿಸಿ.

ದುಡ್ಡು ಇನ್ನೂ ಕಡಿಮೆ ಇದ್ದರೆ ಹಳೆಯ ಬಗೆಯ, ಕೊಳವೆ ಅಂಕುಡೊಂಕಾದ ಪೋರೋ ಪ್ರಿಸಮ್ಮಿನದನ್ನು ನೋಡಿ. ಇಗ್ನಾಜಿಯೊ ಪೋರೋ 1854ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸಕ್ಕೆ ಕನ್ನಡಿ ಲೇಪವೂ ಬೇಡ, ಫೇಸ್ ಕೋಟಿಂಗೂ ಬೇಡ. ಅದೇ ಬೆಲೆಯ ರೂಫ್ ಪ್ರಿಸಮ್ಮಿಗಿಂತ ಚಿತ್ರ ಹೆಚ್ಚಾಗಿ ಚೆನ್ನಾಗಿರುತ್ತದೆ. ದಪ್ಪ, ನೀರಿಗೆ ಅಂಜುತ್ತದೆ, ಪೆಟ್ಟು ಬಿದ್ದರೆ ಬೇಗ ಓರೆಯಾಗುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಿರಾದರೆ ಮುಂದಿನ ಲೆನ್ಸಿನ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ಇಣುಕಿ. ದೂಳಿನ ನಾಲ್ಕು ಕಣ ಇದ್ದರೆ ಪರವಾಗಿಲ್ಲ. ಬೇರು ಹರಡಿದಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು, ಲೇಪವನ್ನು ತಿಂದು ಗಾಜಿನವರೆಗೂ ಇಳಿದಿರುತ್ತದೆ. ಅದನ್ನು ತೊಳೆದು ಕೊಡಿ ಎಂದು ತಂದರೆ ತೊಳೆಯುತ್ತೇನೆ, ಕಲೆ ಉಳಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.