ವಿಜರ್ಡ್‌ಗೆ ಯಾವ ಸ್ಕೂಲ್ ತಗೊಳ್ಳೋದು? ನಾನು ಮಾಡ್ಕೊಂಡಿರೋ ನೋಟ್ಸ್

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಉರುಳಿಸಿ ಪಾತ್ರ ವಹಿಸಿ ಆಡೋ ಆಟ) ಕಲೀತಿರೋರಿಗೆ ಅಂತ ಬರೀತಿದೀನಿ, ನಾನೂ ಕಲೀತಾನೇ ಇದೀನಿ. ಇದರಲ್ಲಿ ವಿಜರ್ಡ್ ಅಂದ್ರೆ ಪುಸ್ತಕದಿಂದ ಸ್ಪೆಲ್ (ಮಂತ್ರ) ಕಲಿಯೋ ಮಾಂತ್ರಿಕ, ಸ್ಕೂಲ್ ಅಂದ್ರೆ ಆ ಸ್ಪೆಲ್‌ಗಳ ಎಂಟು ಶಾಖೆಗಳಲ್ಲಿ ಒಂದು. ಮೊದ್ಲು ನಾನು ಎಡವಿದ ಜಾಗ ಹೇಳ್ಬಿಡ್ತೀನಿ. ಐದನೇ ಎಡಿಷನ್‌ನಲ್ಲಿ ನೀವು ಒಂದು ಸ್ಕೂಲ್ ತಗೊಂಡ್ರೆ ಮಿಕ್ಕ ಏಳು ಸ್ಕೂಲಿನ ಸ್ಪೆಲ್‌ಗಳು ಬಂದ್ ಆಗಲ್ಲ. ಇದು ಗೊತ್ತಿಲ್ದೆ ನಾನು ಮೊದಲ್ನೇ ಸಲ ಎವೊಕೇಶನ್ ಅಂದ್ಕೊಂಡು ಸ್ಪೆಲ್‌ಬುಕ್ ಪೂರ್ತಿ ಬೆಂಕಿ ಮಿಂಚು ತುಂಬಿಸ್ಕೊಂಡಿದ್ದೆ, ಏಟು ತಡೆಯೋ ಶೀಲ್ಡ್ ಸ್ಪೆಲ್ ಕೂಡ ಬರ್ಕೊಂಡಿರ್ಲಿಲ್ಲ, ಯಾಕಂದ್ರೆ ಅದು ಅಬ್ಜುರೇಶನ್ ಅಲ್ವಾ, ನಂದಲ್ಲ ಅಂತ! ವಿಜರ್ಡ್‌ಗೆ ಇರೋದೇ ಡಿ6 ಹಿಟ್ ಡೈ (ಆರು ಮುಖದ ಡೈಸ್ ಲೆಕ್ಕದ ಪ್ರಾಣಶಕ್ತಿ, ಅಂದ್ರೆ ಕಮ್ಮಿ). ಎರಡನೇ ಫೈಟ್‌ಗೆ ಮಲಗಿದೆ.

ಈ ತಪ್ಪು ಕಲ್ಪನೆ ಸುಮ್ನೆ ಹುಟ್ಟಿದ್ದಲ್ಲ. ಹಳೇ ಎಡಿಷನ್‌ಗಳಲ್ಲಿ ನಿಜವಾಗ್ಲೂ ಹಂಗೇ ಇತ್ತು. 1978ರ ಪುಸ್ತಕದಲ್ಲಿ ಇಲ್ಯೂಷನಿಸ್ಟ್ ಅನ್ನೋದೇ ಬೇರೆ, ಅದಕ್ಕೆ ಅದರದ್ದೇ ಸ್ಪೆಲ್ ಲಿಸ್ಟ್. 2003ರ 3.5 ಎಡಿಷನ್‌ನಲ್ಲಿ ಸ್ಪೆಷಲಿಸ್ಟ್ (ಒಂದು ಸ್ಕೂಲ್ ಆರಿಸ್ಕೊಂಡವ) ಆದ್ರೆ ಪ್ರತಿ ಸ್ಪೆಲ್ ಲೆವೆಲ್‌ನಲ್ಲೂ ದಿನಕ್ಕೆ ಒಂದು ಸ್ಪೆಲ್ ಜಾಸ್ತಿ ಸಿಗೋದು, ಬದಲಿಗೆ ಎರಡು ಸ್ಕೂಲ್ ಪೂರ್ತಿ ಕೈಬಿಡ್ಬೇಕಿತ್ತು (ಡಿವಿನೇಶನ್‌ನವರು ಒಂದು ಬಿಟ್ರೆ ಸಾಕಿತ್ತು). 2009ರ ಪಾತ್‌ಫೈಂಡರ್ (3.5ರ ರೂಲ್ಸ್ ಮೇಲೆ ಕಟ್ಟಿದ ಬೇರೆ ಆಟ) ಇದನ್ನ ಸ್ವಲ್ಪ ಸಡಿಲ ಮಾಡ್ತು, ವಿರುದ್ಧ ಸ್ಕೂಲಿನ ಸ್ಪೆಲ್ ಬೇಕಾ, ತಗೋ, ಆದ್ರೆ ಎರಡು ಸ್ಲಾಟ್ (ದಿನಕ್ಕೆ ಇಷ್ಟು ಸ್ಪೆಲ್ ಅನ್ನೋ ಲೆಕ್ಕ) ಹೋಗುತ್ತೆ ಅಂತ. ಹಳಬರು ಸಲಹೆ ಕೊಡುವಾಗ ಎಷ್ಟೋ ಸಲ ಆ ರೂಲ್ಸ್ ತಲೇಲಿ ಇಟ್ಕೊಂಡೇ ಮಾತಾಡ್ತಿರ್ತಾರೆ, ಯಾವ ಎಡಿಷನ್ ಅಂತ ಒಂದ್ಸಲ ಕೇಳ್ಬಿಡಿ.

ಹಂಗಾದ್ರೆ 2014ರ ರೂಲ್ಸ್ (ಐದನೇ ಎಡಿಷನ್ ಮೊದ್ಲು ಬಂದಾಗಿನದು) ಪ್ರಕಾರ ಎರಡನೇ ಲೆವೆಲ್‌ನಲ್ಲಿ ನಾವು ಆರಿಸ್ಕೊಳ್ಳೋದು ಏನನ್ನ? ಸ್ಪೆಲ್ ಅಲ್ಲ, ಫೀಚರ್‌ನ, ಅಂದ್ರೆ ಆ ಸ್ಕೂಲ್ ಕೊಡೋ ವಿಶೇಷ ಶಕ್ತಿನ. ತನ್ನ ಸ್ಕೂಲಿನ ಸ್ಪೆಲ್‌ನ ಸ್ಪೆಲ್‌ಬುಕ್‌ಗೆ ಕಾಪಿ ಮಾಡ್ಕೊಳ್ಳೋಕೆ ಅರ್ಧ ಖರ್ಚು ಅರ್ಧ ಟೈಮ್ ಅನ್ನೋದು ಎಲ್ಲಾ ಸ್ಕೂಲಿಗೂ ಇದೆ, ಅಂದ್ರೆ ಮೂರನೇ ಲೆವೆಲ್ ಸ್ಪೆಲ್‌ಗೆ 150 ಗೋಲ್ಡ್ 6 ಗಂಟೆ ಬದಲು 75 ಗೋಲ್ಡ್ 3 ಗಂಟೆ. ಅದನ್ನ ನೋಡಿ ಸ್ಕೂಲ್ ಆರಿಸ್ಬೇಡಿ, ಡಿಎಂ (ಆಟ ನಡೆಸೋರು) ಸ್ಕ್ರೋಲ್ (ಸ್ಪೆಲ್ ಬರೆದ ಸುರುಳಿ) ಕೊಟ್ರೆ ತಾನೇ ಕಾಪಿ ಮಾಡೋದು. ಇದರ ಜೊತೆ ಬರೋ ಇನ್ನೊಂದು ಫೀಚರ್ ಇದ್ಯಲ್ಲ, ಅದು ಪ್ರತಿ ಸೆಷನ್‌ನಲ್ಲೂ ಕೆಲ್ಸಕ್ಕೆ ಬರುತ್ತಾ ಅನ್ನೋದೇ ಪ್ರಶ್ನೆ.

ಡಿವಿನೇಶನ್ ಅಂದಾಗ ಕಣಿ ಹೇಳ್ಕೊಂಡು ಮೂಲೇಲಿ ಕೂತಿರೋ ಮುದುಕ ಅಂದ್ಕೊಂಡಿದ್ದೆ, ಪೂರಾ ಉಲ್ಟಾ. ಇದರ ಪೋರ್ಟೆಂಟ್ ಫೀಚರ್ ಏನಪ್ಪಾ ಅಂದ್ರೆ ಲಾಂಗ್ ರೆಸ್ಟ್ (ರಾತ್ರಿಯ ನಿದ್ದೆ ಥರ) ಆದ್ಮೇಲೆ ಎರಡು ಡಿ20 (20 ಮುಖದ ಡೈಸ್) ಉರುಳಿಸಿ ಆ ನಂಬರ್ ಬರೆದಿಟ್ಕೊಳ್ಳೋದು, ಆಮೇಲೆ ಕಣ್ಣಿಗೆ ಕಾಣೋ ಯಾರದ್ದೇ ಅಟ್ಯಾಕ್, ಸೇವ್ (ಸ್ಪೆಲ್ ಥರದ್ದರಿಂದ ತಪ್ಪಿಸ್ಕೊಳ್ಳೋ ಪ್ರಯತ್ನ), ಚೆಕ್ (ಬೇರೆ ಕೆಲಸದ ಪ್ರಯತ್ನ) ಇದ್ರೂ ಅದರ ಬದಲು ನಮ್ಮ ನಂಬರ್ ಹಾಕೋದು. ಮುಖ್ಯ ಷರತ್ತು, ಡೈಸ್ ಬೀಳೋ ಮುಂಚೆ ಹೇಳ್ಬೇಕು, ಬಿದ್ಮೇಲೆ ಅಯ್ಯೋ ಅಂದ್ರೆ ನಡೆಯಲ್ಲ. ಕೈಲಿ 3 ಇದೆ ಅಂದ್ಕೊಳ್ಳಿ. ಶತ್ರು ನಾಯಕ ಮನುಷ್ಯ, ಅವನ ಮೇಲೆ ಹೋಲ್ಡ್ ಪರ್ಸನ್ (ಅಲ್ಲಾಡದಂಗೆ ಹಿಡಿಯೋ ಸ್ಪೆಲ್) ಹಾಕ್ತೀರ, ಅವನ ಸೇವ್‌ಗೆ ಆ 3 ಕೊಡ್ತೀರ, ಹೆಚ್ಚುಕಮ್ಮಿ ಕಥೆ ಮುಗೀತು. ಗಮನಿಸಿ, ಹೋಲ್ಡ್ ಪರ್ಸನ್ ಎನ್‌ಚಾಂಟ್‌ಮೆಂಟ್ ಸ್ಪೆಲ್! ಡಿವಿನೇಶನ್ ಸ್ಕೂಲಿನವನ ದೊಡ್ಡ ಅಸ್ತ್ರ ಬೇರೆ ಸ್ಕೂಲಿಂದು. ಎರಡೂ ನಂಬರ್ 10, 11 ಥರ ನಡುವಿನವು ಬಂದ್ರೆ ಏನ್ಮಾಡೋದು ಅಂತ ಲೆಕ್ಕ ಹಾಕ್ದೆ: ಒಂದು ಡೈಸ್ 6ರಿಂದ 15ರೊಳಗೆ ಬೀಳೋದು ಅರ್ಧ ಪಾಲು, ಎರಡೂ ಅಲ್ಲೇ ಬೀಳೋದು ಕಾಲು ಪಾಲು, ಅಂದ್ರೆ ನಾಲ್ಕು ದಿನದಲ್ಲಿ ಮೂರು ದಿನ ಕನಿಷ್ಠ ಒಂದಾದ್ರೂ ಪೂರ್ತಿ ಕೆಟ್ಟದ್ದೋ ಪೂರ್ತಿ ಒಳ್ಳೇದೋ ಸಿಗುತ್ತೆ. ಸುಮಾರು ಅಂತ ಬರೋ ನಂಬರೂ ದಂಡ ಅಲ್ಲ, ಬೀಗ ತೆಗಿಯೋನಿಗೆ 11 ಸಾಕಾಗುತ್ತೆ ಅಂದ್ರೆ ಅಲ್ಲಿ ಕೊಟ್ಬಿಡಿ.

ಅಬ್ಜುರೇಶನ್ ಅಂದ್ರೆ ರಕ್ಷೆ ಕಟ್ಟೋ ವಿದ್ಯೆ. ಮೊದಲ್ನೇ ಲೆವೆಲ್ ಅಥವಾ ಮೇಲಿನ ಅಬ್ಜುರೇಶನ್ ಸ್ಪೆಲ್ ಹಾಕಿದ ತಕ್ಷಣ ನಿಮ್ಮ ಸುತ್ತ ಒಂದು ವಾರ್ಡ್ (ರಕ್ಷಾಕವಚ) ಬರುತ್ತೆ, ಅದರ ಎಚ್‌ಪಿ (ಎಷ್ಟು ಏಟು ತಡೆಯುತ್ತೆ ಅನ್ನೋ ಅಂಕ) ನಿಮ್ಮ ಲೆವೆಲ್‌ನ ಎರಡರಷ್ಟು ಪ್ಲಸ್ ಇಂಟೆಲಿಜೆನ್ಸ್ ಮಾಡಿಫೈಯರ್ (ಬುದ್ಧಿಶಕ್ತಿಯಿಂದ ಬರೋ ಅಂಕ). ಐದನೇ ಲೆವೆಲ್, ಮಾಡಿಫೈಯರ್ 4 ಅಂದ್ರೆ 14. ಆ ಲೆವೆಲ್‌ನಲ್ಲಿ ಕಾನ್ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2 ಇರೋ ವಿಜರ್ಡ್‌ಗೆ ಆವರೇಜ್ ಲೆಕ್ಕದಲ್ಲಿ ಸ್ವಂತ ಎಚ್‌ಪಿ 32, ಅದರ ಮೇಲೆ 14 ಅಂದ್ರೆ ಕಮ್ಮಿ ಅಲ್ಲ. ಬೆಳಿಗ್ಗೆ ಹೇಗೂ ಮೇಜ್ ಆರ್ಮರ್ ಹಾಕ್ತೀವಿ, ಅದೂ ಅಬ್ಜುರೇಶನ್ನೇ, ವಾರ್ಡ್ ಫ್ರೀಯಾಗಿ ಬಂದಂಗೆ. ಏಟು ತಿಂದು ವಾರ್ಡ್ ಖಾಲಿಯಾದ್ರೆ ಪ್ರತಿ ಅಬ್ಜುರೇಶನ್ ಸ್ಪೆಲ್‌ಗೂ ಅದರ ಲೆವೆಲ್‌ನ ಎರಡರಷ್ಟು ವಾಪಸ್ ತುಂಬುತ್ತೆ. ಅಲಾರ್ಮ್ ಸ್ಪೆಲ್‌ನ (ಅದೂ ಅಬ್ಜುರೇಶನ್ನೇ) ರಿಚುವಲ್ ಆಗಿ, ಅಂದ್ರೆ 10 ನಿಮಿಷ ಜಾಸ್ತಿ ತಗೊಂಡು ಹಾಕಿದ್ರೆ ಸ್ಲಾಟೂ ಹೋಗಲ್ಲ, 11 ನಿಮಿಷಕ್ಕೆ 2 ಎಚ್‌ಪಿ, ಸೊನ್ನೆಯಿಂದ 14 ತುಂಬೋಕೆ 77 ನಿಮಿಷ. ಡಿಎಂ ಮುಖ ಸಿಂಡರಿಸ್ತಾರೆ, ಆದ್ರೆ 2014ರ ರೂಲ್ಸ್‌ನಲ್ಲಿ ಇದು ಸರೀನೇ. 2024ರ ಹೊಸ ಪುಸ್ತಕದಲ್ಲಿ ಸ್ಲಾಟ್ ಖರ್ಚಾದ್ರೆ ಮಾತ್ರ ತುಂಬೋದು ಅಂತ ಮಾಡಿ ಈ ಕಳ್ಳದಾರಿ ಮುಚ್ಚಿದಾರೆ.

ಎವೊಕೇಶನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೈರ್‌ಬಾಲ್ (ಮೂರನೇ ಲೆವೆಲ್ ಸ್ಪೆಲ್) 20 ಅಡಿ ರೇಡಿಯಸ್, 8ಡಿ6 (ಆರು ಮುಖದ ಎಂಟು ಡೈಸ್), ಆವರೇಜ್ 28 ಡ್ಯಾಮೇಜ್, ನಮ್ಮ ಫೈಟರ್ ಯಾವಾಗ್ಲೂ ನಟ್ಟನಡುವೆ ನಿಂತಿರ್ತಾನೆ. ಈ ಸ್ಕೂಲಿನ ಸ್ಕಲ್ಪ್ಟ್ ಸ್ಪೆಲ್ಸ್ ಫೀಚರ್ ಇದ್ರೆ ಸ್ಪೆಲ್ ಲೆವೆಲ್ ಪ್ಲಸ್ 1 ಜನಕ್ಕೆ, ಅಂದ್ರೆ ಇಲ್ಲಿ 4 ಜನಕ್ಕೆ, ಒಂದು ಚೂರೂ ತಾಗಲ್ಲ. ನೀವೇ ಒಳಗೆ ನಿಂತಿದ್ರೆ ಮಾತ್ರ ಸುಡುತ್ತೆ, ಈ ರಕ್ಷೆ ಇತರರಿಗೆ ಮಾತ್ರ. ಪಾರ್ಟೀಲಿ ಮುಂದೆ ನುಗ್ಗಿ ಹೊಡೆಯೋರು ಜಾಸ್ತಿ ಇದ್ರೆ ಇದು, ಎಲ್ಲಾರೂ ದೂರದಿಂದ ಬಾಣ ಬಿಡೋರಾದ್ರೆ ಈ ಫೀಚರ್ ಸುಮ್ನೆ ಕೂತಿರುತ್ತೆ.

ಇಲ್ಯೂಷನ್, ನಮ್ಮ ಮಾತಲ್ಲಿ ಕಣ್ಕಟ್ಟು, ಡಿಎಂ ಮೇಲೆ ನಿಂತಿರೋ ಸ್ಕೂಲ್. ಕಾರಿಡಾರ್‌ಗೆ ಅಡ್ಡ ಒಂದು ಸುಳ್ಳು ಗೋಡೆ ನಿಲ್ಲಿಸಿದ್ರೆ ಕೆಲವು ಡಿಎಂಗಳು ಕಾವಲುಗಾರರನ್ನ ವಾಪಸ್ ಕಳಿಸ್ತಾರೆ, ಕೆಲವರು ಪ್ರತಿಯೊಬ್ಬನ ಕೈಲೂ ಇನ್ವೆಸ್ಟಿಗೇಶನ್ ಚೆಕ್ ಮಾಡಿಸ್ತಾರೆ. ಎರಡನೇ ಥರದವರ ಹತ್ರ ಇದನ್ನ ತಗೋಬೇಡಿ. ಎನ್‌ಚಾಂಟ್‌ಮೆಂಟ್ ಅಂದ್ರೆ ವಶೀಕರಣ, ಮಾತುಕತೆ ಜಾಸ್ತಿ ಇರೋ ಆಟಕ್ಕೆ ಚೆನ್ನಾಗಿದೆ, ಆದ್ರೆ ಚಾರ್ಮ್ ಆಗದ (ವಶವಾಗದ) ಅನ್‌ಡೆಡ್‌ಗಳೇ (ಸತ್ತೂ ಓಡಾಡೋ ಪ್ರಾಣಿಗಳೇ) ಎದುರಾಗೋ ಕಥೆ ಆದ್ರೆ ಕೈಕಟ್ಟಿ ಕೂರ್ಬೇಕು. ನೆಕ್ರೊಮ್ಯಾನ್ಸಿ (ಸತ್ತವರನ್ನ ಎಬ್ಬಿಸೋ ವಿದ್ಯೆ) ಆರನೇ ಲೆವೆಲ್ ಆದ್ಮೇಲೆ ನಿಜವಾಗಿ ಜೋರು, ಅಸ್ಥಿಪಂಜರಗಳಿಗೆ ಎಚ್‌ಪಿ, ಡ್ಯಾಮೇಜ್ ಎರಡೂ ಏರುತ್ತೆ, ಆದ್ರೆ ನಿಮ್ಮ ಟರ್ನ್ ಬಂದಾಗ ಆರು ಅಸ್ಥಿಪಂಜರದ ಡೈಸ್ ಉರುಳಿಸ್ತಾ ಕೂತ್ರೆ ಟೇಬಲ್‌ನಲ್ಲಿ ಉಳಿದೋರು ಫೋನ್ ತೆಗೀತಾರೆ. ಕಂಜರೇಶನ್ (ಕರೆಸೋ ವಿದ್ಯೆ), ಟ್ರಾನ್ಸ್‌ಮ್ಯುಟೇಶನ್ (ರೂಪ ಬದಲಿಸೋ ವಿದ್ಯೆ) ಎರಡರಲ್ಲೂ ಸ್ಪೆಲ್‌ಗಳು ಸೂಪರ್ (ವೆಬ್, ಮಿಸ್ಟಿ ಸ್ಟೆಪ್, ಹೇಸ್ಟ್, ಪಾಲಿಮಾರ್ಫ್), ಶುರುವಿನ ಫೀಚರ್‌ಗಳು ಸಪ್ಪೆ. ಸ್ಪೆಲ್ ಹೇಗೂ ಎಲ್ಲಾರಿಗೂ ಸಿಗುತ್ತಲ್ಲ.

2024ರ ಪುಸ್ತಕ ಇಟ್ಕೊಂಡು ಆಡೋರಿಗೆ: ಆಯ್ಕೆ ಮೂರನೇ ಲೆವೆಲ್‌ಗೆ ಹೋಗಿದೆ, ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಇರೋದು ಅಬ್ಜುರರ್, ಡಿವೈನರ್, ಇವೋಕರ್, ಇಲ್ಯೂಷನಿಸ್ಟ್ ಈ ನಾಲ್ಕೇ. ಸ್ಕಲ್ಪ್ಟ್ ಸ್ಪೆಲ್ಸ್ ಆರನೇ ಲೆವೆಲ್‌ಗೆ ಸರಿದಿದೆ, ಅರ್ಧ ಖರ್ಚಿನ ಬದಲು ಆ ಸ್ಕೂಲಿನ ಕೆಲವು ಸ್ಪೆಲ್‌ಗಳೇ ಫ್ರೀಯಾಗಿ ಬುಕ್‌ಗೆ ಸೇರುತ್ತೆ. ಪಾತ್‌ಫೈಂಡರ್ ಎರಡನೇ ಎಡಿಷನ್‌ನವರು 2023ರ ರೀಮಾಸ್ಟರ್‌ನಲ್ಲಿ ಈ ಎಂಟು ಸ್ಕೂಲನ್ನೇ ತೆಗೆದುಹಾಕಿದಾರೆ, ಈ ನೋಟ್ಸ್ ಅಲ್ಲಿಗೆ ಹೊಂದಲ್ಲ.

ನಾನು ಈಗ ಆಡ್ತಿರೋದು ಅಬ್ಜುರೇಶನ್. ನಮ್ಮ ಪಾರ್ಟೀಲಿ ಗಾಯ ವಾಸಿ ಮಾಡೋರು ಒಬ್ರೂ ಇಲ್ಲ, ನಾನು ಬೇರೆ ಪ್ರತಿ ಸಲ ತಪ್ಪು ಜಾಗದಲ್ಲೇ ನಿಂತಿರ್ತೀನಿ. ಸ್ಪೆಲ್‌ಬುಕ್ ತೆಗೆದು ನೋಡಿದ್ರೆ ಅದರಲ್ಲಿ ಅಬ್ಜುರೇಶನ್ ಇರೋದು ಬರೀ ನಾಲ್ಕು.