ಗನ್ನಿಗಿಂತ ಮೊದಲು ಗಾಳಿಯ ಲೆಕ್ಕ

ಕಳೆದ ಡಿಸೆಂಬರಿನಲ್ಲಿ ಕಟಪಾಡಿ ಕಡೆಯ ಯುವಕರೊಬ್ಬರು ಹಳೆಯ ಜೀಪಿನ ನಾಲ್ಕು ರಿಮ್ಮುಗಳನ್ನೂ ಎರಡು ಬ್ರೇಕ್ ಡ್ರಮ್ಮುಗಳನ್ನೂ ರಿಕ್ಷಾದಲ್ಲಿ ಹಾಕಿಕೊಂಡು ನಮ್ಮ ಶೆಡ್ಡಿಗೆ ಬಂದರು. ಬ್ಲಾಸ್ಟಿಂಗ್, ಅಂದರೆ ಗ್ರಿಟ್ ಎಂಬ ಗಡಸು ಪುಡಿಯನ್ನು ಒತ್ತಡದ ಗಾಳಿಯಿಂದ ಲೋಹಕ್ಕೆ ಬಡಿಸಿ ತುಕ್ಕು ತೆಗೆಯುವ ಕೆಲಸ, ಮಾಡಿಸಿಕೊಂಡು ಹೋಗಲು ಬಂದವರಲ್ಲ. ಮನೆಯಲ್ಲೇ ಕ್ಯಾಬಿನೆಟ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಇಟ್ಟುಕೊಂಡು ಮೂರು ಭಾನುವಾರ ದುಡಿದರೂ ಒಂದು ರಿಮ್ಮಿನ ಅರ್ಧದಷ್ಟೂ ತುಕ್ಕು ಹೋಗಲಿಲ್ಲವೇಕೆ ಎಂದು ಕೇಳಲು ಬಂದಿದ್ದರು. ಗನ್ ಕಳಪೆಯದಿರಬೇಕು, ಇನ್ನೂ ಒಳ್ಳೆಯದು ಯಾವುದು ಎಂಬುದು ಅವರ ಪ್ರಶ್ನೆ. ಗನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಗಾಳಿ ಕೊಡುತ್ತಿದ್ದದ್ದು ಟಯರಿಗೆ ಗಾಳಿ ತುಂಬುವ ಒಂದು ಎಚ್‌ಪಿಯ ಕಂಪ್ರೆಸರ್.

ಉಡುಪಿ–ಮಂಗಳೂರು ನಡುವಿನ ಈ ಕರಾವಳಿಯಲ್ಲಿ ಲೋಹದ ತುಕ್ಕು ತೆಗೆದು ಬಣ್ಣಕ್ಕೆ ಸಿದ್ಧಪಡಿಸುವ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ಬ್ಲಾಸ್ಟಿಂಗ್ ಹೂಡಲು ಹೊರಟವರು ಸಾಮಾನ್ಯವಾಗಿ ಮೊದಲು ಗನ್ ಕೊಳ್ಳುತ್ತಾರೆ, ಆಮೇಲೆ ಕ್ಯಾಬಿನೆಟ್, ಕೊನೆಗೆ ಕೈಯಲ್ಲಿ ಉಳಿದ ಹಣಕ್ಕೆ ಸಿಕ್ಕಿದ ಕಂಪ್ರೆಸರ್. ನಾನು ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ: ಮೊದಲು ಗಾಳಿ ಎಷ್ಟು, ಆಮೇಲೆ ಆ ಗಾಳಿ ಎಷ್ಟು ಒಣಗಿದೆ, ಆಮೇಲಷ್ಟೇ ಉಳಿದದ್ದು.

ಗ್ರಿಟ್ಟನ್ನು ಗಾಳಿಯ ಸೆಳೆತದಿಂದಲೇ ಎಳೆದುಕೊಳ್ಳುವ ಸಕ್ಷನ್ ಮಾದರಿಯ ಕ್ಯಾಬಿನೆಟ್‌ಗನ್ನಿನೊಳಗೆ ಗಾಳಿಯ ಸಣ್ಣ ಜೆಟ್ ಒಂದು, ಅದರ ಮುಂದೆ ಸರಿಸುಮಾರು ಎರಡರಷ್ಟು ಅಗಲದ ನಾಜಲ್ ಒಂದು ಇರುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ನಿರ್ಧರಿಸುವುದು ಹೊರಗೆ ಕಾಣುವ ನಾಜಲ್ ಅಲ್ಲ, ಒಳಗಿರುವ ಜೆಟ್. 80 ಪಿಎಸ್‌ಐ (ಚದರ ಇಂಚಿಗೆ 80 ಪೌಂಡ್) ಒತ್ತಡದಲ್ಲಿ 2 ಮಿಲಿಮೀಟರಿನ ಜೆಟ್ ನಿಮಿಷಕ್ಕೆ ಸುಮಾರು 8 ಘನ ಅಡಿ ಗಾಳಿಯನ್ನು, ಅಂದರೆ 8 ಸಿಎಫ್‌ಎಂ, ನುಂಗುತ್ತದೆ. 3 ಮಿಲಿಮೀಟರಿನದು 17ರಷ್ಟನ್ನು, 4 ಮಿಲಿಮೀಟರಿನದು 30ರ ಆಸುಪಾಸನ್ನು. ವ್ಯಾಸ ಇಮ್ಮಡಿಯಾದರೆ ಗಾಳಿಯ ಹಸಿವು ನಾಲ್ಮಡಿಯಾಗುತ್ತದೆ ಎಂಬ ಸರಳ ಲೆಕ್ಕವನ್ನು ಮರೆತೇ ಹೆಚ್ಚಿನವರು 'ದೊಡ್ಡ ನಾಜಲ್ ಇದ್ದರೆ ಬೇಗ ಆಗುತ್ತದೆ' ಎಂದುಕೊಳ್ಳುತ್ತಾರೆ. ಇನ್ನೊಂದೆಡೆ, ಪಿಸ್ಟನ್ ಕಂಪ್ರೆಸರಿನಿಂದ ಒಂದು ಎಚ್‌ಪಿಗೆ ನಿಜವಾಗಿ ಹೊರಬರುವುದು ಮೂರೂವರೆ ಸಿಎಫ್‌ಎಂ ಎಂದು ಹಿಡಿಯಬಹುದು. ಡಬ್ಬಿಯ ಮೇಲೆ ಬರೆದಿರುವುದು ಬಹುಪಾಲು ಪಿಸ್ಟನ್ ಗುಡಿಸುವ ಗಾತ್ರ, ಹೊರಗೆ ಕೊಡುವ ಗಾಳಿಯಲ್ಲ. ಎರಡರ ನಡುವೆ ಕಾಲುಭಾಗಕ್ಕಿಂತ ಹೆಚ್ಚೇ ವ್ಯತ್ಯಾಸವಿರುತ್ತದೆ. ಕೊಳ್ಳುವಾಗ 'ಫ್ರೀ ಏರ್ ಡೆಲಿವರಿ ಎಷ್ಟು' ಎಂದೇ ಕೇಳಬೇಕು. ಅಂಗಡಿಯವರು ತಡವರಿಸಿದರೆ ಬೇರೆ ಅಂಗಡಿಗೆ ಹೋಗಬೇಕು.

ಟ್ಯಾಂಕ್ ದೊಡ್ಡದಾದರೆ ಸಾಕಲ್ಲವೇ ಎಂಬುದು ಮುಂದಿನ ಪ್ರಶ್ನೆ. 160 ಲೀಟರಿನ ಟ್ಯಾಂಕನ್ನು 10 ಬಾರ್‌ವರೆಗೆ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ತುಂಬಿ, ಒತ್ತಡ 6ಕ್ಕೆ ಇಳಿಯುವವರೆಗೆ ಬಳಸಿದರೆ ಸಿಗುವುದು 640 ಲೀಟರ್ ಗಾಳಿ. 3 ಮಿಲಿಮೀಟರ್ ಜೆಟ್ ಅದನ್ನು 80 ಸೆಕೆಂಡುಗಳಲ್ಲಿ ಮುಗಿಸುತ್ತದೆ. ದೊಡ್ಡ ಟ್ಯಾಂಕ್ ಎಂದರೆ ಸೋಲು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಆದ್ದರಿಂದ ಮನೆಗೆ ನನ್ನ ಸಲಹೆ 3 ಎಚ್‌ಪಿಯ, ಹೊರಗೆ ಸುಮಾರು 10 ಸಿಎಫ್‌ಎಂ ಕೊಡುವ ಕಂಪ್ರೆಸರ್ ಮತ್ತು 2 ಮಿಲಿಮೀಟರಿನ ಜೆಟ್. ಕೆಲಸ ನಿಧಾನ, ಆದರೆ ನಿಲ್ಲದೆ ಸಾಗುತ್ತದೆ. ಸಿಂಗಲ್ ಫೇಸಿನಲ್ಲಿ ಈ ಮೋಟಾರು ಓಡುವಾಗಲೇ 14 ಆಂಪಿಯರಿನಷ್ಟು ಎಳೆಯುತ್ತದೆ, ಹೊರಡುವಾಗ ಅದರ ಐದಾರು ಪಟ್ಟು. ಹಾಗಾಗಿ ನಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರಿನ ತಾಮ್ರದ ಪ್ರತ್ಯೇಕ ತಂತಿ ಎಳೆಸಬೇಕು. ಮಿಕ್ಸಿಯ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಮೋಟಾರು ಸುಟ್ಟವರನ್ನು ನಾನು ಕಂಡಿದ್ದೇನೆ.

ಇಲ್ಲಿಯವರೆಗಿನದು ಯಾವ ಊರಿಗೂ ಅನ್ವಯಿಸುವ ಮಾತು. ನಮ್ಮ ಕರಾವಳಿಯ ತಾಪತ್ರಯ ಶುರುವಾಗುವುದು ಇಲ್ಲಿಂದ ಮುಂದೆ.

30 ಡಿಗ್ರಿ ಬಿಸಿಯ, 80 ಶೇಕಡಾ ಆರ್ದ್ರತೆಯ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 10 ಸಿಎಫ್‌ಎಂ ಕಂಪ್ರೆಸರ್ ಒಂದು ಗಂಟೆಯಲ್ಲಿ ಅಂತಹ 17 ಘನ ಮೀಟರ್ ಗಾಳಿಯನ್ನು ಎಳೆದು ಎಂಟೊಂಬತ್ತು ಪಾಲು ಕಿರಿದಾಗಿಸುತ್ತದೆ. ಹಾಗೆ ಕಿರಿದಾದ ಗಾಳಿ ತಣ್ಣಗಾದಾಗ ಆ ನೀರಾವಿಯ ಬಹುಪಾಲನ್ನು ಹಿಡಿದಿಟ್ಟುಕೊಳ್ಳಲಾರದು. ಗಂಟೆಗೆ 300 ಮಿಲಿಲೀಟರಿಗೂ ಹೆಚ್ಚು ನೀರು ಎಲ್ಲಾದರೊಂದು ಕಡೆ ಇಳಿಯಲೇಬೇಕು. ಅದು ಟ್ಯಾಂಕಿನ ತಳದಲ್ಲಿ ಇಳಿದರೆ ಪುಣ್ಯ. ಆದರೆ ಸತತವಾಗಿ ಓಡುವ ಕಂಪ್ರೆಸರಿನ ಟ್ಯಾಂಕು ಕೈಯಿಡಲಾಗದಷ್ಟು ಬಿಸಿಯಾಗಿರುವುದರಿಂದ ನೀರು ಆವಿಯಾಗಿಯೇ ಮುಂದೆ ಹೋಗಿ, ಹೋಸಿನಲ್ಲಿ ತಣಿದು, ಗನ್ನಿನ ಬಾಯಿಯಲ್ಲಿ ಹನಿಯಾಗುತ್ತದೆ. ಗ್ರಿಟ್ ಒದ್ದೆಯಾಗಿ ಅಕ್ಕಿಹಿಟ್ಟಿನ ಉಂಡೆಯಂತೆ ಕಟ್ಟುತ್ತದೆ, ಗನ್ ಕೆಮ್ಮುತ್ತದೆ, ಮಾಲೀಕರು ಗನ್ನನ್ನು ಬೈಯುತ್ತಾರೆ.

ನೀರಿನ ಸೆಪರೇಟರನ್ನು ಕಂಪ್ರೆಸರಿನ ಮೈಗೇ ಜೋಡಿಸುವುದು ಸಾಮಾನ್ಯ ತಪ್ಪು. ಸೆಪರೇಟರ್ ಹಿಡಿಯುವುದು ಹನಿಯನ್ನು. ಆವಿ ಅದರೊಳಗಿಂದ ಸಲೀಸಾಗಿ ದಾಟಿಹೋಗುತ್ತದೆ. ಗಾಳಿಯನ್ನು ಮೊದಲು ತಣಿಸಬೇಕು, ಆಮೇಲೆ ಸೋಸಬೇಕು. ನಮ್ಮಲ್ಲಿ ಇದಕ್ಕೆ ಅಗ್ಗದ ದಾರಿಯಿದೆ: ಅರ್ಧ ಇಂಚಿನ ತಾಮ್ರದ ಕೊಳವೆಯನ್ನು ಎಂಟು ಹತ್ತು ಸುತ್ತು ಸುರುಳಿ ಮಾಡಿ, ಬಾವಿಯ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಡುವುದು. ಗಾಳಿ ಸುರುಳಿಯ ಮೇಲ್ತುದಿಯಿಂದ ಒಳಬಂದು ಕೆಳತುದಿಯಿಂದ ಹೊರಬೀಳಬೇಕು. ಅಲ್ಲೊಂದು ಗೇಣುದ್ದದ ನಿಂತ ಪೈಪು, ಅದರ ತಳಕ್ಕೆ ಬಾಲ್ ವಾಲ್ವ್. ಅರ್ಧ ಗಂಟೆಗೊಮ್ಮೆ ವಾಲ್ವ್ ತಿರುಗಿಸಿದಾಗ ಎಣ್ಣೆ ಬೆರೆತ ಕೆನೆಬಣ್ಣದ ನೀರು ಚಿಮ್ಮುವುದನ್ನು ನೋಡಿದರೆ ಸುರುಳಿಗೆ ಕೊಟ್ಟ ದುಡ್ಡು ಹೆಚ್ಚಾಯಿತೆಂದು ಯಾರಿಗೂ ಅನಿಸದು. ಸೆಪರೇಟರ್, ಆಮೇಲೆ ರೆಗ್ಯುಲೇಟರ್, ಆಮೇಲೆ ಹೋಸ್. ಈ ಸಾಲಿನಲ್ಲಿ ಎಲ್ಲಿಯೂ ಪಿವಿಸಿ ಪೈಪು ಬೇಡ. ನೀರಿನ ಒತ್ತಡಕ್ಕೆ ತಡೆಯುವ ಪಿವಿಸಿ ಗಾಳಿಯ ಒತ್ತಡಕ್ಕೆ ಒಡೆದಾಗ ಸೋರುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ಹಳೆಯ ಗ್ಯಾಸ್ ಸಿಲಿಂಡರಿಗೆ ವಾಲ್ವ್ ಬೆಸುಗೆ ಹಾಕಿ ಪ್ರೆಶರ್ ಪಾಟ್ (ಗ್ರಿಟ್ಟನ್ನು ಒತ್ತಡದಲ್ಲಿ ತುಂಬಿಡುವ ಪಾತ್ರೆ) ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅಂಥದನ್ನು ಮನೆಯ ಅಂಗಳಕ್ಕೇ ತರಬಾರದು.

ಇನ್ನು ಹೊಯಿಗೆಯ, ಅಂದರೆ ಮರಳಿನ ವಿಷಯ. ಮನೆ ಕಟ್ಟಿ ಉಳಿದ ನದಿಯ ಹೊಯಿಗೆ ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ, ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲ ಹೊಯಿಗೆ ಕಣ್ಣು ಹಾಯಿಸಿದಷ್ಟು ದೂರ ಇದೆ, 'ಸ್ಯಾಂಡ್ ಬ್ಲಾಸ್ಟಿಂಗ್' ಎಂಬ ಹೆಸರೇ ಅದನ್ನು ಬಳಸಿ ಎನ್ನುತ್ತದೆ. ಬಳಸಬಾರದು. ಹೊಯಿಗೆ ಎಂದರೆ ಬಹುಪಾಲು ಸ್ಫಟಿಕ ಸಿಲಿಕಾ. ಲೋಹಕ್ಕೆ ಬಡಿದು ಪುಡಿಯಾದಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಉಳಿಯುತ್ತವೆ, ಸುತ್ತಲಿನ ಅಂಗಾಂಶ ಕಲೆಗಟ್ಟಿ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಹಿಂದಿರುಗಿಸುವ ಔಷಧವಿಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಎರಕದ ಭಾಗಗಳನ್ನು ಹೊಯಿಗೆಯಿಂದ ಬ್ಲಾಸ್ಟ್ ಮಾಡುವುದನ್ನು ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿ ಸಿಲಿಕೋಸಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಿನೊಳಗೆ ಹೋಗುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿತು. ಮೂಗಿಗೆ ಬೈರಾಸು ಕಟ್ಟಿಕೊಂಡರೆ ಈ ಕಣಗಳು ನಿಲ್ಲುವುದಿಲ್ಲ. ಕಡಲ ಹೊಯಿಗೆಯಲ್ಲಂತೂ ಉಪ್ಪೂ ಇದೆ. ತುಕ್ಕು ತೆಗೆಯುವ ನೆಪದಲ್ಲಿ ತುಕ್ಕಿನ ಬೀಜವನ್ನೇ ಲೋಹದೊಳಕ್ಕೆ ಬಿತ್ತಿದಂತೆ.

ಉಕ್ಕಿಗೂ ಎರಕದ ಕಬ್ಬಿಣಕ್ಕೂ ಕಂದು ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್, 80 ಮೆಶ್ (ಕಣದ ಗಾತ್ರ ಹೇಳುವ ಜರಡಿಯ ಸಂಖ್ಯೆ) ಆಸುಪಾಸಿನದು, ಸಾಕು. ಅಲ್ಯೂಮಿನಿಯಂ ಭಾಗಗಳಿಗೆ ಗಾಜಿನ ಮಣಿ, 40–50 ಪಿಎಸ್‌ಐ ಮೀರದ ಒತ್ತಡ. ಉಕ್ಕಿಗೆ ಬಳಸಿದ ಗ್ರಿಟ್ಟನ್ನು ಅಲ್ಯೂಮಿನಿಯಮ್ಮಿಗೆ ಬಳಸಿದರೆ ಕಬ್ಬಿಣದ ಕಣಗಳು ಅದರಲ್ಲಿ ಹುದುಗಿ, ತಿಂಗಳೊಳಗೆ ಬಿಳಿ ಲೋಹದ ಮೇಲೆ ಕಂದು ಚುಕ್ಕಿಗಳೇಳುತ್ತವೆ. ತೆಂಗಿನ ಗೆರಟೆಯ ಪುಡಿ ಮೆತ್ತಗಿನ ಕೆಲಸಕ್ಕೆ ಆಗುತ್ತದೆ, ನಮ್ಮೂರಿನ ವಸ್ತುವೆಂಬ ಅಭಿಮಾನವೂ ನನಗಿದೆ. ಆದರೆ ತುಕ್ಕಿನ ಮುಂದೆ ಅದು ಸೋಲುತ್ತದೆ.

ಗಾಜಿನ ಮಣಿಯ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ಪರಿಚಿತರೊಬ್ಬರ ಹಳೆಯ ಕಾರಿನ ಕಾರ್ಬ್ಯುರೇಟರನ್ನು ಮಣಿಯಿಂದ ಬೆಳ್ಳಿಯಂತೆ ಹೊಳೆಯಿಸಿ, ಗಾಳಿಯಿಂದ ಊದಿ, ಪೆಟ್ರೋಲಿನಲ್ಲಿ ತೊಳೆದು ಕೊಟ್ಟಿದ್ದೆ. ಮೂರನೆಯ ದಿನ ಗಾಡಿ ಪಡುಬಿದ್ರಿಯ ಬಳಿ ಹೆದ್ದಾರಿಯ ಅಂಚಿನಲ್ಲಿ ನಿಂತಿತು. ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ ರಂಧ್ರದಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಮಣಿಯೊಂದು ಹೊಳೆಯುತ್ತ ಕೂತಿತ್ತು. ಒಳದಾರಿಗಳಿರುವ ಯಾವ ಭಾಗಕ್ಕೂ, ಅಂದರೆ ಕಾರ್ಬ್ಯುರೇಟರ್, ಕ್ಯಾಲಿಪರಿನ ಒಳಭಾಗ, ಎಣ್ಣೆಯ ರಂಧ್ರಗಳಿರುವ ಎಂಜಿನ್ ಕೇಸು ಇವುಗಳಿಗೆ, ಆ ಮೇಲೆ ನಾನು ಮಣಿಯನ್ನಾಗಲಿ ಗ್ರಿಟ್ಟನ್ನಾಗಲಿ ತಾಗಿಸಿಲ್ಲ. ಅನಿವಾರ್ಯವಾದರೆ ಬಿಸಿನೀರಿನಲ್ಲಿ ಕರಗಿಹೋಗುವ ಬ್ಲಾಸ್ಟಿಂಗ್ ಸೋಡಾ. ಬೇರಿಂಗ್ ಕೂರುವ ಜಾಗಕ್ಕೂ ಬೋಲ್ಟಿನ ಎಳೆಗಳಿಗೂ ರಬ್ಬರ್ ಬಿರಡೆ ಹಾಕಬೇಕು. ಬಾಗಿಲು, ಬಾನೆಟ್ ಮುಂತಾದ ತೆಳು ತಗಡುಗಳನ್ನು ಬ್ಲಾಸ್ಟ್ ಮಾಡಿದರೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅವನ್ನು ಕ್ಯಾಬಿನೆಟ್ಟಿಗೆ ತರಲೇಬಾರದು. ಗ್ರೀಸು ಅಂಟಿದ ಭಾಗವನ್ನು ಮೊದಲು ತೊಳೆದು ಒಣಗಿಸದಿದ್ದರೆ ಅದೇ ಜಿಡ್ಡು ಇಡೀ ಡಬ್ಬಿಯ ಗ್ರಿಟ್ಟನ್ನು ಕೆಡಿಸುತ್ತದೆ.

ಕ್ಯಾಬಿನೆಟ್ ಯಾವುದಾದರೂ ಆಗಬಹುದು, ಧೂಳನ್ನು ಎಳೆಯುವ ವ್ಯವಸ್ಥೆಯೊಂದಿದ್ದರೆ. ವ್ಯಾಕ್ಯೂಮ್ ಕ್ಲೀನರ್ ಮತ್ತು ಅದಕ್ಕಿಂತ ಮೊದಲೊಂದು ಸೈಕ್ಲೋನ್ ಬಕೆಟ್ (ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ತಳಕ್ಕೆ ಬೀಳಿಸುವ ಬಕೆಟ್) ಇಟ್ಟರೆ ಒಳಗಿನ ಗಾಳಿ ಸದಾ ಒಳಮುಖವಾಗಿ ಹರಿದು ಕೈಗವಸಿನ ಸಂದಿಯಿಂದ ಧೂಳು ಹೊರಬರದು. ಆದರೂ ಬಾಗಿಲು ತೆರೆಯುವಾಗ ಸರಿಯಾದ ಫಿಲ್ಟರಿನ ರೆಸ್ಪಿರೇಟರ್ ಮುಖದ ಮೇಲಿರಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಬಳಸಿ ಬಿಟ್ಟ ಪುಡಿಯನ್ನು ತೆಂಗಿನ ಬುಡಕ್ಕೋ ಬಾವಿಕಟ್ಟೆಯ ಬದಿಗೋ ಸುರಿಯಬಾರದು. ಸದ್ದಿನ ವಿಷಯವೂ ಇದೆ: ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ಕಂಪ್ರೆಸರ್ ಒಂದೇ ಅದನ್ನು ಮೀರುತ್ತದೆ. ಕೆಂಪುಕಲ್ಲಿನ ಗೋಡೆಯ ಸಣ್ಣ ಕೋಣೆಯೊಂದು ಈ ಜಗಳವನ್ನು ಬಹಳ ಮಟ್ಟಿಗೆ ತಪ್ಪಿಸುತ್ತದೆ.

ಬ್ಲಾಸ್ಟ್ ಮಾಡಿದ ಉಕ್ಕಿಗೆ ಮೈಮೇಲೆ ಚರ್ಮವಿಲ್ಲ. ಬಣ್ಣ ಬಳಿಯುವಾಗ ಗಾಳಿಯ ಆರ್ದ್ರತೆ 85 ಶೇಕಡಾಕ್ಕಿಂತ ಕಡಿಮೆಯಿರಬೇಕು, ಲೋಹದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ನಮ್ಮ ವೃತ್ತಿಯ ಹಳೆಯ ಕಟ್ಟಳೆ. ಮಳೆಗಾಲದ ಆಟಿ ತಿಂಗಳಿನ ಒಂದು ಮಧ್ಯಾಹ್ನ 28 ಡಿಗ್ರಿ ಬಿಸಿ, 95 ಶೇಕಡಾ ಆರ್ದ್ರತೆ ಇದ್ದರೆ ಇಬ್ಬನಿ ಬಿಂದು 27. ಅಂದರೆ ಹಾಗೇ ಬಿಟ್ಟ ಕಬ್ಬಿಣ ಬಣ್ಣಕ್ಕೆ ಅರ್ಹವೇ ಅಲ್ಲ. ಅಂಥ ದಿನ ಬೂದುಬಣ್ಣಕ್ಕೆ ತಿರುಗಿಸಿದ ಆಕ್ಸಲ್ಲಿನ ನಕಲ್ ಎಂಬ ಗೆಣ್ಣು ಭಾಗವನ್ನು ಬೆಂಚಿನ ಮೇಲಿಟ್ಟು ಊಟಕ್ಕೆ ಹೋಗಿ ಬಂದರೆ ಅದು ಅರಿಶಿನ ಸವರಿದಂತೆ ಕಾಣುತ್ತದೆ. ಸುಲಭ ಉಪಾಯವೆಂದರೆ ಹಳೆಯ ಉಕ್ಕಿನ ಕಪಾಟಿನೊಳಗೆ 100 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಹಚ್ಚಿಟ್ಟು, ಭಾಗವನ್ನು ಬ್ಲಾಸ್ಟಿಗೆ ಮುನ್ನವೂ ಅನಂತರವೂ ಅದರಲ್ಲಿ ಬೆಚ್ಚಗಿಡುವುದು. ಗ್ರಿಟ್ಟನ್ನು ನಾನು ಮಳೆಗಾಲದಲ್ಲಿ ಬಚ್ಚಲೊಲೆಯ ದಂಡೆಯ ಮೇಲೆ ತಗಡಿನಲ್ಲಿ ಹರಡಿ ಒಣಗಿಸುತ್ತೇನೆ. ಪ್ರೈಮರ್ ಹಚ್ಚಿದ ಭಾಗವನ್ನು ಮಾತ್ರ ಒಲೆಯ ಹತ್ತಿರಕ್ಕಾಗಲಿ ಬಲ್ಬಿನ ಕಪಾಟಿಗಾಗಲಿ ಒಯ್ಯಬಾರದು, ತಿನ್ನರಿನ ಆವಿಗೆ ಕಿಡಿ ಸಾಕು. ನಿಜ ಹೇಳಬೇಕೆಂದರೆ ಮನೆಯವರಿಗೆ ಸರಿಯಾದ ಕಾಲ ಡಿಸೆಂಬರಿನಿಂದ ಮಾರ್ಚ್, ಬೆಳಗಿನ ಇಬ್ಬನಿ ಆರಿದ ಮೇಲೆ, ಹನ್ನೊಂದರಿಂದ ನಾಲ್ಕರವರೆಗೆ.

ಕಡಲ ಬದಿಯ ಗಾಡಿಗಳಲ್ಲಿ ಇನ್ನೊಂದು ಕಾಟವಿದೆ. ಬ್ಲಾಸ್ಟ್ ಆದ ತಕ್ಷಣ ನಿಷ್ಕಳಂಕವಾಗಿ ಕಂಡ ಲೋಹದಲ್ಲಿ ಮರುದಿನ ಬೆಳಿಗ್ಗೆ ಗುಳಿಗಳು ಮಾತ್ರ ಕಪ್ಪಾಗಿರುತ್ತವೆ. ಗುಳಿಯ ತಳದಲ್ಲಿ ಉಪ್ಪು ಉಳಿದಿದೆ ಎಂದರ್ಥ. ಒಣ ಗ್ರಿಟ್ ಅದನ್ನು ಪೂರ್ತಿ ತೆಗೆಯಲಾರದು. ಬಿಸಿ ಸಿಹಿನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಮತ್ತೆ ಹಗುರವಾಗಿ ಬ್ಲಾಸ್ಟ್ ಮಾಡಬೇಕು. ಸಿಹಿನೀರು ಎಂದು ಒತ್ತಿ ಹೇಳಲು ಕಾರಣವಿದೆ, ಕಡಲಿಗೆ ಹತ್ತಿರದ ಎಷ್ಟೋ ಬಾವಿಗಳು ಏಪ್ರಿಲಿನ ಹೊತ್ತಿಗೆ ಉಪ್ಪಾಗಿರುತ್ತವೆ. ಕಟಪಾಡಿಯ ಆ ಯುವಕರು ಕಂಪ್ರೆಸರ್ ಬದಲಿಸಿ, ಸುರುಳಿ ಹೂಡಿ, ಫೆಬ್ರವರಿಯಲ್ಲಿ ಮೊದಲ ರಿಮ್ಮನ್ನು ತೋರಿಸಲು ತಂದರು. ಮೈಯೆಲ್ಲ ಒಂದೇ ಸಮನಾದ ಬೂದು, ಗುಳಿಗಳೂ ಶುದ್ಧ. ಅಂಚಿನಲ್ಲಿ ಮಾತ್ರ ನಾಲ್ಕು ಬೆರಳು ಮತ್ತು ಒಂದು ಹೆಬ್ಬೆರಳಿನ ಗುರುತು, ಗೆರೆಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ತುಕ್ಕಿನಲ್ಲಿ ಮೂಡಿತ್ತು. ಕೈಗವಸು ಕಳಚಿಟ್ಟು ಬರಿಗೈಯಲ್ಲಿ ರಿಮ್ಮನ್ನು ಹೊರಗೆತ್ತಿದ್ದರಂತೆ.