ಪುಸ್ತಕದಲ್ಲಿ ಬದುಕಿರುವ ದೇವತೆಯನ್ನು ನಮ್ಮ ಕ್ಯಾಂಪೇನ್‌ನಲ್ಲಿ ಸಾಯಿಸಬಹುದಾ?

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ ಫರ್ಗಾಟನ್ ರೆಲ್ಮ್ಸ್ ಎಂಬ ಲೋಕದಲ್ಲಿ ಮೊದಲ ಸಲ ಕ್ಯಾಂಪೇನ್, ಅಂದರೆ ಹಲವು ಸೆಷನ್ ಸಾಗುವ ಕಥೆ, ಬರೆಯುತ್ತಿದ್ದೇನೆ. ಅಧಿಕೃತ ಲೋರ್‌ನ (ಆ ಲೋಕದ ಇತಿಹಾಸ, ಪುರಾಣ) ಕೆಲವು ಸಂಗತಿ ನನ್ನ ಕಥೆಗೆ ಹೊಂದುತ್ತಿಲ್ಲ. ಬದಲಾಯಿಸಿದರೆ ತಪ್ಪಾ? ನಮ್ಮ ಗುಂಪಿನಲ್ಲಿ ಲೋರ್ ಎಲ್ಲ ಬಾಯಿಪಾಠ ಮಾಡಿರುವ ಒಬ್ಬನಿದ್ದಾನೆ, ಅವನದ್ದೇ ಭಯ.

ಉತ್ತರ: ಧಾರಾಳವಾಗಿ ಬದಲಾಯಿಸಿ. ಆದರೆ ಯಾವುದನ್ನು ಆಟಗಾರರಿಗೆ ಮೊದಲೇ ಹೇಳಬೇಕು, ಯಾವುದನ್ನು ಮುಚ್ಚಿಡಬಹುದು ಅನ್ನುವುದರಲ್ಲಿ ನಾನೇ ಒಮ್ಮೆ ಚೆನ್ನಾಗಿ ಎಡವಿದ್ದೇನೆ.

ನನ್ನ ಕ್ಯಾಂಪೇನ್‌ನಲ್ಲಿ ಮಂತ್ರವಿದ್ಯೆಯ ದೇವತೆ ಮಿಸ್ಟ್ರಾ ಸತ್ತು ನೂರು ವರ್ಷ ಆಗಿತ್ತು. ಸಸ್ಪೆನ್ಸ್ ಇರಲಿ ಅಂತ ಯಾರಿಗೂ ಹೇಳಿರಲಿಲ್ಲ. ಗೆಳೆಯನೊಬ್ಬ ಅವಳದೇ ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ) ಪಾತ್ರ ಮಾಡಿಕೊಂಡು ಬಂದ, ಎರಡು ಪುಟ ಹಿನ್ನೆಲೆ ಬರೆದಿದ್ದ, ಪಾತ್ರದ ಶೀಟಿನ ಮೂಲೆಯಲ್ಲಿ ಅವಳ ಚಿಹ್ನೆಯಾದ ಏಳು ನಕ್ಷತ್ರಗಳನ್ನು ಪೆನ್ಸಿಲ್‌ನಲ್ಲಿ ಬಿಡಿಸಿದ್ದ. ನಾನು ನೋಡಿಯೂ ಸುಮ್ನೆ ಇದ್ದೆ. ಮೂರನೇ ಸೆಷನ್‌ನಲ್ಲಿ ಅವನು ಪ್ರಾರ್ಥಿಸಿದಾಗ, “ಆ ಕಡೆ ಯಾರೂ ಇಲ್ಲ. ಅವಳು ಸತ್ತು ನೂರು ವರ್ಷ ಆಯ್ತು” ಅಂದೆ. ಎಲ್ಲರೂ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಅವನು ದಾಳ ಕೆಳಗಿಟ್ಟು ಕೇಳಿದ: “ಹಂಗಾದ್ರೆ ಹೋದ ವಾರ ನಾನು ಗಾಯ ವಾಸಿ ಮಾಡಿದ್ದು ಯಾರ ಶಕ್ತಿಯಿಂದ ಮಾರಾಯ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಏನೆಂದರೆ, ಆ ಲೋಕದಲ್ಲಿ ಬೀದಿಯ ಮಕ್ಕಳಿಗೂ ಗೊತ್ತಿರುವ ಸುದ್ದಿ ಅವಳದೇ ಪೂಜಾರಿಗೆ ಗೊತ್ತಿರಲಿಲ್ಲ! ಪಾತ್ರಕ್ಕೆ ಗೊತ್ತಿರಲೇಬೇಕಾದ್ದನ್ನು ಆಟಗಾರನಿಂದ ಬಚ್ಚಿಟ್ಟರೆ ಸಸ್ಪೆನ್ಸ್ ಎಲ್ಲಿಂದ ಬರಬೇಕು, ಮೋಸ ಹೋದ ಹಾಗೆ ಅನ್ನಿಸುತ್ತೆ ಅಷ್ಟೆ.

ದೇವತೆಯನ್ನು ಸಾಯಿಸಿದ್ದು ತಪ್ಪಲ್ಲ ಬಿಡಿ. ಅಧಿಕೃತ ಲೋರ್‌ನಲ್ಲೇ ಆ ಪಟ್ಟದಲ್ಲಿದ್ದವರು ಮೂರು ಸಲ ಸತ್ತಿದ್ದಾರೆ. ಕಾರ್ಸಸ್ ಎಂಬ ಮಾಂತ್ರಿಕ ದೇವರಾಗಲು ಹೋಗಿ ಎಲ್ಲ ಕೆಡಿಸಿದಾಗ ಮಿಸ್ಟ್ರಾಗಿಂತ ಮೊದಲು ಆ ಪಟ್ಟದಲ್ಲಿದ್ದ ಮಿಸ್ಟ್ರಿಲ್ ಸತ್ತಳು. ಆ ಲೋಕದ ಲೆಕ್ಕದಲ್ಲಿ 1358ನೇ ವರ್ಷ, ದೇವರುಗಳು ಶಕ್ತಿ ಕಳೆದುಕೊಂಡು ನೆಲಕ್ಕಿಳಿದಾಗ ಮಿಸ್ಟ್ರಾ ಸತ್ತಳು, ಮಿಡ್‌ನೈಟ್ ಎಂಬ ಮನುಷ್ಯ ಹೆಣ್ಣು ಆ ಜಾಗಕ್ಕೆ ಬಂದಳು. 1385ರಲ್ಲಿ ಅವಳನ್ನೂ ಸಿರಿಕ್ ಎಂಬ ದೇವರು ಕೊಂದ. ಆ ಮೂರನೇ ಸಾವು 2008ರಲ್ಲಿ ಬಂದ ಆಟದ ನಾಲ್ಕನೇ ಎಡಿಷನ್‌ಗೋಸ್ಕರ ಆದದ್ದು, 2014ರ ಐದನೇ ಎಡಿಷನ್‌ನಲ್ಲಿ ನೋಡಿದರೆ ಮಿಸ್ಟ್ರಾ ಮತ್ತೆ ಹಾಜರ್. ಸಾಲದ್ದಕ್ಕೆ 2021ರಲ್ಲಿ ಡಿ ಅಂಡ್ ಡಿ ತಂಡದ ಜೆರೆಮಿ ಕ್ರಾಫರ್ಡ್, ಐದನೇ ಎಡಿಷನ್ನಿನ ಆಟದ ಪುಸ್ತಕಗಳಲ್ಲಿ ಇಲ್ಲದ್ದು, ಕಾದಂಬರಿಗಳೂ ಸೇರಿ, ಆಟದ ಮಟ್ಟಿಗೆ ಅಧಿಕೃತ ಅಲ್ಲ ಅಂದುಬಿಟ್ಟರು. ಮನೆ ಯಜಮಾನರೇ ಗೋಡೆ ಒಡೆಯುತ್ತಿರುವಾಗ ನಾವು ಮೊಳೆ ಹೊಡೆಯಲು ಹೆದರಬೇಕಾ?

ಹಾಗಾದರೆ ಮುಚ್ಚಿಡಬಹುದಾದ್ದು ಯಾವುದು? ಆ ಲೋಕದ ಜನರಿಗೂ ಗೊತ್ತಿಲ್ಲದ್ದು. ಡಿ ಅಂಡ್ ಡಿಯ ಇನ್ನೊಂದು ಲೋಕ ಎಬೆರಾನ್ ನೋಡಿ, ಅಲ್ಲಿ ಸೈರ್ ಅನ್ನುವ ಇಡೀ ದೇಶ ಒಂದೇ ದಿನದಲ್ಲಿ ನಾಶವಾಗುತ್ತೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಸೃಷ್ಟಿಸಿದ ಕೀತ್ ಬೇಕರ್ ಬೇಕೆಂತಲೇ ಆ ಉತ್ತರವನ್ನು ಒಬ್ಬೊಬ್ಬ ಡಿಎಂಗೆ (ಆಟ ನಡೆಸುವವರಿಗೆ) ಬಿಟ್ಟಿದ್ದಾರೆ. ವಾಟರ್‌ಡೀಪ್ ನಗರವನ್ನು ಆಳುವ ಮುಖವಾಡದ ಲಾರ್ಡ್‌ಗಳು ಯಾರು ಅನ್ನುವುದೂ ಅಷ್ಟೆ. ಮುಖವಾಡದ ಹಿಂದೆ ಊರಿನ ಬೇಕರಿಯವನನ್ನೇ ಕೂರಿಸಿ, ಯಾರಿಗೂ ಹೇಳಬೇಡಿ.

ಉಳಿದದ್ದಕ್ಕೆ ಪಾತ್ರ ಮಾಡುವ ಮೊದಲೇ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿದರೆ ಸಾಕು: “ಮಿಸ್ಟ್ರಾ ಇಲ್ಲ. ಮಂತ್ರ ಕೆಲವು ಊರಲ್ಲಿ ಕೈಕೊಡುತ್ತೆ. ಮಾಂತ್ರಿಕರನ್ನು ಕಂಡರೆ ಜನಕ್ಕೆ ಆಗಲ್ಲ. ಉಳಿದದ್ದು ಪುಸ್ತಕದಲ್ಲಿ ಇದ್ದ ಹಾಗೇ.” ಹನ್ನೆರಡು ಪುಟದ ಇತಿಹಾಸ ಕಳಿಸಬೇಡಿ, ಯಾರೂ ಓದಲ್ಲ. ನಾನು ಕಳಿಸಿ ನೋಡಿದ್ದೇನೆ. ಮತ್ತೆ, ಒಮ್ಮೆ ಆಟದಲ್ಲಿ ನಡೆದುಹೋದದ್ದನ್ನು ಮಾತ್ರ ಬದಲಾಯಿಸಲು ಹೋಗಬೇಡಿ. ಪುಸ್ತಕ ಏನೇ ಹೇಳಲಿ, ನಿಮ್ಮ ಗುಂಪಿಗೆ ಅದೇ ಅಧಿಕೃತ.

ಇನ್ನು ಆ ಬಾಯಿಪಾಠದ ಗೆಳೆಯ. ಆಟದ ಮಧ್ಯೆ ಅವನ ಜೊತೆ ವಾದಕ್ಕೆ ಬೀಳುವ ಬದಲು ಮೊದಲೇ ಒಂದು ಸಂಜೆ ಕಾಫಿಗೆ ಕರೆದು “ಮಿಸ್ಟ್ರಾ ಇಲ್ಲದಿದ್ದರೆ ಏನೇನು ಕೆಡುತ್ತೆ?” ಅಂತ ಕೇಳಿ. ನಮ್ಮಲ್ಲಿದ್ದ ಅಂಥವನೇ ನನ್ನನ್ನು ಉಳಿಸಿದ್ದು. ಮಿಸ್ಟ್ರಾಳ ಹಳೇ ವೈರಿ ಶಾರ್, ಕತ್ತಲೆಯ ದೇವತೆ, ಆ ಕ್ಲೆರಿಕ್ಕಿನ ಪ್ರಾರ್ಥನೆಗೆ ಇಷ್ಟು ದಿನ ಉತ್ತರ ಕೊಡುತ್ತಿದ್ದವಳು ಅವಳೇ ಯಾಕಾಗಬಾರದು ಅಂದ. ಕ್ಲೆರಿಕ್ ಗೆಳೆಯ ಸ್ವಲ್ಪ ಹೊತ್ತು ಯೋಚಿಸಿ, ಶೀಟಿನ ಮೂಲೆಯ ಏಳು ನಕ್ಷತ್ರಗಳಲ್ಲಿ ಒಂದಕ್ಕೆ ಕಪ್ಪು ತುಂಬಿದ.